ಹಲಸೂರು ಕೆರೆಯಲ್ಲಿ ಬಸ್ಸು

ಬೆಂಗಳೂರಿನಲ್ಲಿ ಜನರಿಗೆ ದಾರಿ ತೋರಿಸುವುದು ನನ್ನ ಹವ್ಯಾಸ. ಕೇಳಿದವರಿಗೂ ತೋರಿಸುತ್ತೇನೆ, ಕೇಳದವರಿಗೂ ತೋರಿಸುತ್ತೇನೆ. ಟಿನ್ ಫ್ಯಾಕ್ಟರಿ ಹಿಂದಿನ ನಮ್ಮ ವಠಾರದಲ್ಲಿ ಯಾರ ಮನೆಗೆ ನೆಂಟರು ಬಂದರೂ ಸರಿ, ಬನಿಯನ್ ಮೇಲೆ ಶರಟು ಏರಿಸಿಕೊಂಡು ಹೋಗಿ, "ಕಮರ್ಷಿಯಲ್ ಸ್ಟ್ರೀಟಾ? ಹಿಂಗೆ ಹೋಗಿ, ಹಿಂಗೆ ತಿರುಗಿ" ಎಂದು ಗಾಳಿಯಲ್ಲಿ ನಕ್ಷೆ ಬರೆದು ಬರುತ್ತೇನೆ. ಅವರು ಮುಟ್ಟಿದರೋ ಇಲ್ಲವೋ ಎಂದು ವಿಚಾರಿಸುವ ಅಭ್ಯಾಸ ನನಗಿಲ್ಲ. ಯಾರೂ ವಾಪಸ್ ಬಂದು ಜಗಳವಾಡಿಲ್ಲ ಎಂದ ಮೇಲೆ ಮುಟ್ಟಿರಲೇಬೇಕು!

ಹೊಟ್ಟೆಪಾಡಿಗೆ ನಾನು ಲಿಫ್ಟ್ ರಿಪೇರಿ ಮಾಡುತ್ತೇನೆ. ಈ ವೃತ್ತಿಯಲ್ಲಿ ಇರುವುದು ಎರಡೇ ದಿಕ್ಕು. ಮೇಲೆ ಮತ್ತು ಕೆಳಗೆ. ಎಡ, ಬಲ, ಪೂರ್ವ, ಪಶ್ಚಿಮ ಇವೆಲ್ಲ ನಮ್ಮ ಇಲಾಖೆಗೆ ಬರುವುದಿಲ್ಲ. ಈ ಗುಟ್ಟು ಗೊತ್ತಿದ್ದದ್ದು ನನ್ನ ಹೆಂಡತಿ ಶೋಭಾಗೆ ಮಾತ್ರ. ಹಾಗಾಗಿಯೇ ಅವಳು ಆ ಬುಧವಾರದ ಹಿಂದಿನ ರಾತ್ರಿ ಫೋನ್ ಮಾಡಿ, ಮಗುವಿಗೆ ಮಗ್ಗಿ ಹೇಳಿಕೊಡುವವಳ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಏನ್ರೀ, ಸರಿಯಾಗಿ ಕೇಳ್ರಿ. ಅವ್ವ ಮುಂಜಾನಿ ಬರ್ತಾಳ. ಸ್ನಾನ ಮಾಡ್ಸಿ, ಚಾ ಕೊಟ್ಟು, ಮನಿ ಮುಂದಿನ ಸ್ಟೇಷನ್‌ನಾಗ ಮೆಟ್ರೋ ಹತ್ರಿ. ಹಲಸೂರಾಗ ಇಳೀರಿ. ಮುಗೀತು. ನೀವು ಏನೂ ತಲಿ ಓಡಿಸಬ್ಯಾಡ್ರಿ."

ಕೊನೆಯ ವಾಕ್ಯ ನನಗೆ ನಾಟಿತು.

ವಿಷಯ ಏನೆಂದರೆ, ನನ್ನ ನಾದಿನಿ ಸವಿತಾಳಿಗೆ ಆ ದಿನ ಕುಬಸ. ನಮ್ಮ ಕಲಬುರಗಿ ಕಡೆ ಸೀಮಂತಕ್ಕೆ ಹಾಗೆನ್ನುತ್ತಾರೆ. ಬಸುರಿ ಮಗಳಿಗೆ ತವರಿನ ತಾಯಿ ಹಸಿರು ಸೀರೆ, ಹಸಿರು ಖಣ ತಂದು, ತಾನೇ ಉಡಿಸಿ ಉಡಿ ತುಂಬಬೇಕು. ಸವಿತಾಳನ್ನು ಕೊಟ್ಟಿರುವುದು ಹಲಸೂರಿಗೆ. ಅವಳ ಅತ್ತೆಯ ಮನೆಯವರು ಪಂಚಾಂಗ ನೋಡದೆ ಉಗುರೂ ಕತ್ತರಿಸದ ಮಂದಿ. ಬುಧವಾರ ಹನ್ನೆರಡಕ್ಕೆ ರಾಹುಕಾಲ ಶುರು. ಅಷ್ಟರೊಳಗೆ ತವರಿನ ಸೀರೆ ಬರಲಿಲ್ಲವೆಂದರೆ, ತಾವೇ ತೆಗೆದಿಟ್ಟಿದ್ದ ಇನ್ನೊಂದು ಹಸಿರು ಸೀರೆ ಉಡಿಸಿ ಕೂರಿಸುತ್ತೇವೆ ಎಂದು ಮೊದಲೇ ಹೇಳಿಬಿಟ್ಟಿದ್ದರು. "ಅವ್ವ ತಂದ ಸೀರಿನೇ ಉಡ್ತೀನಿ" ಎಂದು ಸವಿತಾ ಎರಡು ದಿನದಿಂದ ಕಣ್ಣಲ್ಲಿ ನೀರು ತುಂಬಿಕೊಂಡೇ ಇದ್ದಳಂತೆ. ಶೋಭಾ ಕೆಲಸಕ್ಕೆ ಕೈ ಜೋಡಿಸಲು ಹಿಂದಿನ ದಿನವೇ ಹೋಗಿದ್ದಳು. ಸೀರೆಯನ್ನೂ ಸೀರೆ ತರುವ ನನ್ನ ಅತ್ತೆಯನ್ನೂ ಮುಟ್ಟಿಸುವ ಘನ ಜವಾಬ್ದಾರಿ ನನ್ನದು.

ಅತ್ತೆ ಬೆಂಗಳೂರಿಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಸೀರೆಯ ಚೀಲ, ಸೊಂಟದ ಮೇಲೆ ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ ತುಂಬಿದ ದೊಡ್ಡ ಸ್ಟೀಲ್ ಡಬ್ಬಿ. ಒಂಬತ್ತೂವರೆಗೆಲ್ಲ ತಯಾರಾಗಿ ನಿಂತರು. ಕೈಯಲ್ಲಿ ಎರಡೂವರೆ ಗಂಟೆ ಇತ್ತು. ಮೆಟ್ರೋದಲ್ಲಿ ಹೋದರೆ ಕಾಲು ಗಂಟೆಯ ದಾರಿ. ಮಿಕ್ಕ ಸಮಯ ವ್ಯರ್ಥವಾಗುವುದನ್ನು ನೋಡಿ ನನ್ನ ಕರುಳು ಚುರ್ರೆಂದಿತು.

"ಅತ್ತೆ, ಮೆಟ್ರೋ ಬೇಡ. ಅದರಲ್ಲಿ ಊರೇ ಕಾಣಲ್ಲ. ಬಸ್ಸಲ್ಲಿ ಹೋಗೋಣ. ಕಿಟಕಿ ಪಕ್ಕ ಕೂರಿಸ್ತೀನಿ, ಹಲಸೂರು ಕೆರೆ ತೋರಿಸ್ತೀನಿ" ಎಂದೆ. ಬೆಂಗಳೂರಿನ ನೀರು ಕುಡಿದು ಕುಡಿದು ನನ್ನ ಮಾತೂ ಬೆಂಗಳೂರಿನದಾಗಿದೆ ಎಂದು ಅತ್ತೆಗೆ ಗೊತ್ತಾಗಲಿ ಎಂಬ ಆಸೆಯೂ ಇತ್ತು.

"ಬಸ್ಸಾದ್ರ ನನಗ ಫ್ರೀ ಅದ" ಎಂದು ಅತ್ತೆ ಸೆರಗಿನ ಗಂಟಿನಿಂದ ಆಧಾರ್ ಕಾರ್ಡ್ ತೆಗೆದು ಸಿದ್ಧರಾದರು.

ಟಿನ್ ಫ್ಯಾಕ್ಟರಿಯಲ್ಲಿ ಬೆಳಗಿನ ಹೊತ್ತು ಹಲಸೂರಿನ ಮೇಲೆ ಹೋಗುವ ಶಿವಾಜಿನಗರದ ಬಸ್ಸಿನೊಳಗೆ ಗಾಳಿಗೂ ಜಾಗ ಇರುವುದಿಲ್ಲ. ಬಾಗಿಲಲ್ಲಿ ಜೋತುಬಿದ್ದವರ ಬೆನ್ನು ಹಿಡಿದು ಮತ್ತೊಬ್ಬರು ಜೋತುಬೀಳುತ್ತಾರೆ. ಆದರೆ ನಮ್ಮಂಥ ಅನುಭವಸ್ಥರಿಗೆ ಇದಕ್ಕೊಂದು ವಿದ್ಯೆ ಗೊತ್ತು. ಉಲ್ಟಾ ಹತ್ತುವುದು! ಎದುರು ದಿಕ್ಕಿಗೆ ಹೋಗುವ ಖಾಲಿ ಬಸ್ಸು ಹತ್ತಿ, ಕೊನೆಯ ಸ್ಟಾಪಿನಲ್ಲಿ ಇಳಿಯದೆ ಭದ್ರವಾಗಿ ಕೂತುಬಿಡಬೇಕು. ಬಸ್ಸು ತಿರುಗುತ್ತದೆ, ಜನ ನುಗ್ಗುತ್ತಾರೆ, ನಾವು ಮಹಾರಾಜರ ಹಾಗೆ ಕಿಟಕಿ ಪಕ್ಕ ಕೂತು ಅವರನ್ನು ಕರುಣೆಯಿಂದ ನೋಡುತ್ತೇವೆ. ನಮ್ಮ ಕಡೆಯ ಅರ್ಧ ಜನ ಕೆಲಸಕ್ಕೆ ಹೋಗುವುದೇ ಹೀಗೆ.

"ಹಲಸೂರು ಆ ಕಡಿ ಅಂದ್ರಿ, ನಾವು ಈ ಕಡಿ ಹೊಂಟೀವಲ್ರಿ?" ಎಂದು ಅತ್ತೆ ಕೇಳಿದರು.

"ಇದು ಟೆಕ್ನಿಕ್ ಅತ್ತೆ. ಹೊಸಬರಿಗೆ ಅರ್ಥವಾಗಲ್ಲ."

"ಆ ಕಂಡಕ್ಟರ್‌ಗ ಒಂದ್ ಮಾತ್ ಕೇಳ್ರಿ."

"ಛೆ ಛೆ! ಬೆಂಗಳೂರಲ್ಲಿ ಯಾರನ್ನೂ ಏನೂ ಕೇಳಬಾರದು. ಹೊಸಬರು ಅಂತ ತಿಳ್ಕೊಂಡುಬಿಡ್ತಾರೆ."

ಕೆ.ಆರ್.ಪುರದಲ್ಲಿ ಬಸ್ಸು ನಿಂತಿತು. ಡ್ರೈವರ್ ಟೀ ಕುಡಿದು ಬಂದ. ಜನ ನುಗ್ಗಿದರು. ನಾನು ಮೀಸೆಯಲ್ಲೇ ನಕ್ಕೆ. ನನ್ನ ವಿದ್ಯೆಯಲ್ಲಿ ಒಂದೇ ಒಂದು ಸಣ್ಣ ಲೋಪವಿತ್ತು. ಬಸ್ಸು ತಿರುಗುವುದೇನೋ ನಿಜ, ಆದರೆ ಬಂದ ಕಡೆಗೇ ಹೋಗಬೇಕೆಂದು ಅದಕ್ಕೆ ಯಾರೂ ಆಜ್ಞೆ ಮಾಡಿಲ್ಲ. ಟೀ ಕುಡಿಯುವಷ್ಟರಲ್ಲಿ ಬೋರ್ಡು ಬದಲಾಗಿತ್ತು. ಬೋರ್ಡು ಹೊರಗೆ, ನಾವು ಒಳಗೆ!

ತೂಗು ಸೇತುವೆಯ ಹತ್ತಿರ ನೇರ ಹೋಗಬೇಕಾದ ಬಸ್ಸು ಎಡಕ್ಕೆ ಹೊರಳಿತು. ಎಲ್ಲೋ ರಸ್ತೆ ಅಗೆದಿರಬೇಕು, ಸುತ್ತಿ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಸ್ವಲ್ಪ ಹೊತ್ತಿಗೆ ಗಾಜಿನ ಕಟ್ಟಡಗಳು ಶುರುವಾದವು. ಆ ಮೇಲೆ ನೀರು ಶುರುವಾಯಿತು. ಹಿಂದಿನ ರಾತ್ರಿ ಸುರಿದ ಮಳೆಯೆಲ್ಲ ಮಹದೇವಪುರದ ರಸ್ತೆಯಲ್ಲಿ ಬಂದು ಮಲಗಿತ್ತು. ಬಸ್ಸು ಅದರೊಳಗೆ ಇಳಿದು, ಎರಡು ಕಡೆಗೂ ಅಲೆ ಎಬ್ಬಿಸುತ್ತ ಗಂಭೀರವಾಗಿ ಸಾಗಿ, ನಟ್ಟನಡುವೆ ನಿಂತಿತು.

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಅತ್ಯಂತ ಮುಗ್ಧವಾಗಿ ಕೇಳಿದರು.

"ಅಳಿಯಂದ್ರ, ಇದs ಏನ್ರಿ ಹಲಸೂರ ಕೆರಿ?"

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಲ್ಲ ಎಂದರೆ ಎಲ್ಲಿದ್ದೇವೆ ಎಂದೂ ಹೇಳಬೇಕಾಗುತ್ತಿತ್ತಲ್ಲ!

"ಹೂಂ" ಎಂದೆ.

"ಭಾರೀ ದೊಡ್ಡದದ. ದೋಣಿ ಎಲ್ಲವ?"

"ದೋಣಿ... ಬುಧವಾರ ರಜೆ."

ಅಷ್ಟರಲ್ಲಿ ಶೋಭಾಳ ಫೋನು. "ಎಲ್ಲಿ ಅದೀರಿ?"

ನಾನು ಉತ್ತರಕ್ಕೆ ತಡಕಾಡುವಷ್ಟರಲ್ಲಿ ಅತ್ತೆ ಫೋನಿನ ಹತ್ತಿರ ಬಾಯಿ ತಂದು, "ಹಲಸೂರ ಕೆರಿ ನೋಡಾಕತ್ತೀವಿ!" ಎಂದುಬಿಟ್ಟರು.

"ಹೌದಾ? ಅಡ್ಡಿ ಇಲ್ಲ ಬಿಡ್ರಿ, ಜಾಣರಾಗೀರಿ! ಅಲ್ಲೇ ನಿಂದರ್ರಿ. ಮಲ್ಲಿಕಾರ್ಜುನಗ ಸ್ಕೂಟರ್ ಕೊಟ್ಟು ಕಳಸ್ತೀನಿ" ಎಂದು ಶೋಭಾ ಫೋನ್ ಇಟ್ಟಳು.

ಮಲ್ಲಿಕಾರ್ಜುನ ನನ್ನ ಷಡ್ಡಕ, ಸವಿತಾಳ ಗಂಡ. ಬಹಳ ವಿನಯವಂತ. ಹೇಳಿದ ಕೆಲಸ ಪೂರ್ತಿ ಮಾಡದೆ ಬಿಡುವವನಲ್ಲ. ಅದಕ್ಕೇ ನನಗೆ ಭಯವಾದದ್ದು.

ನಾನು ಎದ್ದು, ಘನತೆ ಬಿಡದೆ, ಕಂಡಕ್ಟರನ ಕಿವಿಯಲ್ಲಿ ಕೇಳಿದೆ. "ಶಿವಾಜಿನಗರ ಎಷ್ಟೊತ್ತಿಗೆ ಮುಟ್ತೀವಿ?"

"ಯಾವ ಶಿವಾಜಿನಗರ ಗುರು? ಇದು ಸಿಲ್ಕ್ ಬೋರ್ಡ್ ಗಾಡಿ!" ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ಘೋಷಿಸಿದ. ಅತ್ತೆ ಆ ಹೊತ್ತಿಗೆ ಪಕ್ಕದ ಹೆಂಗಸಿಗೆ ಹೋಳಿಗೆ ಕೊಡುವುದರಲ್ಲಿ ಮುಳುಗಿದ್ದರು. ಕೇಳಿಸಲಿಲ್ಲ ಎಂದುಕೊಂಡೆ. ದೇವರು ದೊಡ್ಡವನು!

ಮೊಣಕಾಲುದ್ದದ ನೀರಿನಲ್ಲಿ ಇಳಿದೆವು. ಡಬ್ಬಿ ನನ್ನ ತಲೆಯ ಮೇಲೆ, ಸೀರೆಯ ಚೀಲ ಅತ್ತೆಯ ತಲೆಯ ಮೇಲೆ. "ಕೆರೆ ದಂಡೆಗೆ" ಬಂದಾಗ ಒಂದು ಆಟೋ ಸಿಕ್ಕಿತು. ಶಿವಾಜಿನಗರದ ಅಕ್ರಂ ಭಾಯ್, ಸವಾರಿ ಬಿಟ್ಟು ಮನೆಯ ಕಡೆ ಹೊರಟಿದ್ದವರು. "ಹಲಸೂರು ನಮ್ ದಾರೀಲೇ ಇದೆ ಸಾರ್, ಕೂತ್ಕೊಳ್ಳಿ" ಎಂದರು. ಗಂಟೆ ಹತ್ತೂಮುಕ್ಕಾಲು. ನೇರ ರಸ್ತೆ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಆದರೆ ಬಾಯಿ ಮುಚ್ಚಿಕೊಳ್ಳಲು ಮಲ್ಲಿಕಾರ್ಜುನ ಬಿಡಬೇಕಲ್ಲ?

"ಅಣ್ಣಾ, ಕೆರೆ ಹತ್ರ ಬಂದಿದ್ದೀನಿ. ಎಲ್ಲಿದ್ದೀರಾ?"

"ಇಲ್ಲೇ... ಆ ಕಡೆ."

"ಯಾವ ಕಡೆ? ಗುರುದ್ವಾರದ ಕಡೆನಾ?"

"ಅದರ ಎದುರು ಕಡೆ."

"ಸರಿ ಅಣ್ಣಾ, ಸುತ್ತಿ ಬರ್ತೀನಿ."

ಐದು ನಿಮಿಷಕ್ಕೆ ಮತ್ತೆ ಫೋನು. "ಅಣ್ಣಾ, ಎದುರು ಕಡೆ ಬಂದೆ. ಕಾಣಿಸ್ತಿಲ್ಲ."

"ಅಯ್ಯೋ, ನಿನ್ನ ಹುಡುಕ್ಕೊಂಡು ನಾವು ಗುರುದ್ವಾರದ ಕಡೆ ಬಂದ್ಬಿಟ್ವಿ ಮಾರಾಯ!"

"ಅಲ್ಲೇ ಇರಿ ಅಣ್ಣಾ, ಬಂದೆ!"

ಹೀಗೆ ನಾನು ಆಟೋದಲ್ಲಿ ಕೂತೇ ನನ್ನ ಷಡ್ಡಕನನ್ನು ಹಲಸೂರು ಕೆರೆಗೆ ಪ್ರದಕ್ಷಿಣೆ ಹಾಕಿಸುತ್ತಿದ್ದೆ. ಈ ರಾಜಕಾರ್ಯದ ನಡುವೆ ಅತ್ತೆ ಅಕ್ರಂ ಭಾಯ್ ಜೊತೆ ಕಲಬುರಗಿಯ ದಖನಿ ಉರ್ದುವಿನಲ್ಲಿ ಹರಟೆ ಹಚ್ಚಿದ್ದು ಕಿವಿಗೆ ಬೀಳುತ್ತಿತ್ತು. "ಘರ್ ಕಾಂ ಹೈ ಭಾಯ್?" ಎಂದು ಮನೆ ಎಲ್ಲಿ ಎನ್ನುವುದರಿಂದ ಶುರುವಾಗಿ, ಅವರ ಹೆಂಡತಿಯ ತವರು ಕಲಬುರಗಿಯೇ ಎಂದು ತಿಳಿದ ಮೇಲಂತೂ ಇಬ್ಬರೂ ಅಕ್ಕ ತಮ್ಮಂದಿರಾಗಿಬಿಟ್ಟರು. ಮುಂದೆ ಪಿಸುಮಾತಿನಲ್ಲಿ ಏನೇನೋ ನಡೆಯಿತು. ನನಗೆ ಫೋನಿನಿಂದ ಪುರುಸೊತ್ತಿರಲಿಲ್ಲ.

ಆಟೋ ಟಿನ್ ಫ್ಯಾಕ್ಟರಿ ಹಾದುಹೋಗುವಾಗ ಅತ್ತೆ ನನ್ನ ತೋಳು ತಟ್ಟಿದರು. "ಅಳಿಯಂದ್ರ, ಇದು ನಾವು ಬಸ್ ಹತ್ತಿದ ಜಾಗ ಅಲ್ಲೇನ್ರಿ? ಅದs ಬಾಳಿಹಣ್ಣಿನ ಗಾಡಿ, ಅದs ಮುದುಕ."

"ಬೆಂಗಳೂರಲ್ಲಿ ಎಲ್ಲಾ ಬಾಳೆಹಣ್ಣಿನ ಗಾಡಿಗಳೂ ಒಂದೇ ತರ ಇರ್ತವೆ ಅತ್ತೆ."

"ಮುದುಕರೂ?"

ನಾನು ರಸ್ತೆ ನೋಡುವವನಂತೆ ಮುಂದೆ ಬಾಗಿದೆ.

ಇಂದಿರಾನಗರ ಹತ್ತಿರವಾದಂತೆ ಹಳೇ ಮದ್ರಾಸ್ ರಸ್ತೆಯಲ್ಲಿ ಗಾಡಿಗಳು ಇರುವೆಯಂತೆ ಸಾಲುಗಟ್ಟಿದ್ದವು. ನನ್ನೊಳಗಿನ ಮಾರ್ಗದರ್ಶಿ ಮತ್ತೆ ಎದ್ದು ಕೂತ. "ಭಾಯ್, ಲೆಫ್ಟ್ ತಗೊಳ್ಳಿ. ಒಳಗೊಳಗೇ ಹೋಗಿ ಹಲಸೂರಲ್ಲಿ ಏಳೋಣ."

"ಸೀದಾ ಹೋಗೋದೇ ಒಳ್ಳೇದು ಸಾರ್. ಅಮ್ಮನೂ ಹಂಗೇ..."

"ನಾನು ಹೇಳ್ತೀನಲ್ಲ! ತಗೊಳ್ಳಿ ಲೆಫ್ಟು!"

ಇಂದಿರಾನಗರದ ಒಳರಸ್ತೆಗಳು ಹಾಕಿದ್ದು ನನ್ನಂಥವರ ಗರ್ವಭಂಗಕ್ಕೇ ಇರಬೇಕು. ಎಲ್ಲ ಕ್ರಾಸೂ ಒಂದೇ ಥರ. ಎಲ್ಲ ಮನೆಯ ಕೆಳಗೂ ಕಾಫಿ ಅಂಗಡಿ. ಬೇಕಾದ ರಸ್ತೆಗಳೆಲ್ಲ ಒನ್‌ವೇ, ಬೇಡದ ರಸ್ತೆಗಳೆಲ್ಲ ಬಾಗಿಲು ತೆರೆದುಕೊಂಡು ನಿಂತಿವೆ. ಒಂದು ಕಾಫಿ ಅಂಗಡಿಯ ವಾಚ್‌ಮನ್ ಮೊದಲ ಸಲ ನಮ್ಮನ್ನು ನೋಡಿ ಸುಮ್ಮನಿದ್ದ. ಎರಡನೇ ಸಲ ನಕ್ಕ. ಮೂರನೇ ಸಲ ಸೆಲ್ಯೂಟ್ ಹೊಡೆದ! ಅತ್ತೆ ಅವನಿಗೂ ಒಂದು ಹೋಳಿಗೆ ಕೊಟ್ಟರು.

ಕೊನೆಗೆ ಅಕ್ರಂ ಭಾಯ್ ಮೆಟ್ರೋ ಸ್ಟೇಷನ್ ಮುಂದೆ ಆಟೋ ನಿಲ್ಲಿಸಿ ಕೈ ಮುಗಿದರು. "ಸಾರ್, ಟೈಮ್ ಆಗ್ತಾ ಇದೆ. ಇಲ್ಲಿಂದ ಹಲಸೂರು ಒಂದೇ ಸ್ಟಾಪ್. ನೀವು ದಾರಿ ಹೇಳದೆ ಇದ್ರೆ ರೈಲು ತಾನಾಗೇ ಹೋಗುತ್ತೆ."

ಗಂಟೆ ಹನ್ನೊಂದೂಕಾಲು ದಾಟಿತ್ತು. ಒಂದೇ ಒಂದು ಸ್ಟಾಪ್. ಹುಟ್ಟು ಮೂರ್ಖನೂ ತಪ್ಪಲಾರ. ಆದರೆ ಟಿಕೆಟ್ ತಗೊಂಡು ಒಳಗೆ ಬಂದವನಿಗೆ ಕಂಡದ್ದು ಲಿಫ್ಟು!

ಅದರ ಬಾಗಿಲು ಮುಚ್ಚುವಾಗ ಸಣ್ಣಗೆ ಕಿರ್ರ್ ಎನ್ನುತ್ತಿತ್ತು. ಅಂಥ ಸದ್ದು ಕೇಳಿದರೆ ನನ್ನ ಕಾಲು ತಾನೇ ಆ ಕಡೆ ನಡೆಯುತ್ತದೆ. "ಕೇಳಿ ಅತ್ತೆ, ಬಾಗಿಲಿನ ಕೆಳಗಿನ ಹಳಿಯಲ್ಲಿ ಕಸ ಸೇರಿದೆ, ಅದರ ಸದ್ದು ಇದು" ಎಂದು ವಿವರಿಸುತ್ತಲೇ ಅವರನ್ನು ಒಳಗೆ ಕರೆದುಕೊಂಡೆ. ಲಿಫ್ಟು ಮೇಲೆ ಹೋಯಿತು. ಎಂಥ ನೆಮ್ಮದಿ! ಬೆಳಗ್ಗೆಯಿಂದ ಮೊದಲ ಬಾರಿಗೆ ನನಗೆ ಗೊತ್ತಿರುವ ದಿಕ್ಕಿಗೆ ಹೋಗುತ್ತಿದ್ದೆ. ಬಾಗಿಲು ತೆರೆಯಿತು, ಎದುರಿಗೇ ರೈಲು ಬಂದು ನಿಂತಿತು.

"ನೋಡಿ, ನಮಗೋಸ್ಕರವೇ ಬಂತು! ಹತ್ತಿ ಹತ್ತಿ!"

"ಯಾ ಕಡಿ ಹೊಂಟದ ಕೇಳ್ರಿ."

"ಮೆಟ್ರೋದಲ್ಲಿ ಕೇಳೋದೇನಿದೆ?"

ಎರಡು ಸೀಟೂ ಸಿಕ್ಕವು. ಮುಂದಿನ ನಿಲ್ದಾಣ ಸ್ವಾಮಿ ವಿವೇಕಾನಂದ ರಸ್ತೆ ಎಂದು ಒಬ್ಬ ಹೆಂಗಸಿನ ಇಂಪಾದ ದನಿ ಹೇಳಿತು. ಹಲಸೂರಿನ ಹೆಸರು ಯಾವಾಗ ಬದಲಾಯಿಸಿದರು ಎಂದು ಯೋಚಿಸಿದೆ. ಆಮೇಲೆ ಬೈಯ್ಯಪ್ಪನಹಳ್ಳಿ ಎಂದಿತು. ಆಗ ತಲೆಯೆತ್ತಿ ಬಾಗಿಲ ಮೇಲಿನ ನಕ್ಷೆ ನೋಡಿದೆ. ಲಿಫ್ಟ್ ನನ್ನನ್ನು ಎದುರು ದಿಕ್ಕಿನ ಪ್ಲಾಟ್‌ಫಾರ್ಮಿಗೆ ಹತ್ತಿಸಿತ್ತು. ಅದರದೇನೂ ತಪ್ಪಿಲ್ಲ, ಮೇಲೆ ಒಯ್ಯಿ ಎಂದರೆ ಮೇಲೆ ಒಯ್ದಿದೆ.

ಅಲ್ಲೇ ಇಳಿಯಬಹುದಿತ್ತು. ಆದರೆ ಎರಡು ಸೀಟು ಸಿಕ್ಕಿವೆಯಲ್ಲ! "ಅತ್ತೆ, ಪರವಾಗಿಲ್ಲ. ಈ ರೈಲು ಕೊನೆ ಮುಟ್ಟಿ ವಾಪಸ್ ಬರುತ್ತೆ. ನಾವು ಸೀಟು ಬಿಡಬಾರದು ಅಷ್ಟೇ" ಎಂದು ನನ್ನ ಬಾಯಿಯೇ ಹೇಳಿತು.

ಅದರ ಮುಂದಿನ ಸ್ಟೇಷನ್‌ನಲ್ಲಿ ಬಾಗಿಲು ತೆರೆಯಿತು. ಕಿಟಕಿಯ ಕೆಳಗೆ ನೋಡಿದೆ. ಟಿನ್ ಫ್ಯಾಕ್ಟರಿ! ಅದೇ ಬಾಳೆಹಣ್ಣಿನ ಗಾಡಿ, ಅದೇ ಮುದುಕ!

ಅತ್ತೆ ಎದ್ದರು. ಸೀರೆಯ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಶರಟಿನ ತೋಳು ಹಿಡಿದು ಹೊರಗೆ ಎಳೆದರು. ಮುಖದಲ್ಲಿ ಬೆಳಗಿನಿಂದ ಇದ್ದ ಮುಗ್ಧತೆ ಮಾಯ.

"ಸಾಕು ಬರ್ರಿ ಅಳಿಯಂದ್ರ. ನನ್ನ ಮಗಳು ಕಾಯಾಕತ್ತಾಳ."

ಕಾವಲಿಗೆ ನಿಂತ ಹೆಂಗಸಿನ ಹತ್ತಿರ ನೆಟ್ಟಗೆ ಹೋಗಿ, "ಯವ್ವಾ, ಹಲಸೂರಿಗಿ ಯಾ ಕಡಿ ಹತ್ಬೇಕು?" ಎಂದು ಕೇಳಿದರು. ಆಕೆ ಕೈ ತೋರಿಸಿದಳು. ಅಷ್ಟೇ! ಇಡೀ ಬೆಂಗಳೂರಿನ ರಹಸ್ಯ ಒಂದು ಪ್ರಶ್ನೆಯಲ್ಲಿ ಬಗೆಹರಿಯಿತು. ನಾವು ಆ ಕಡೆಯ ಪ್ಲಾಟ್‌ಫಾರ್ಮಿಗೆ ಓಡಿದೆವು. ನನ್ನ ಮಾನ ಹೋದರೆ ಹೋಗಲಿ, ಆ ಹುಡುಗಿ ಇನ್ಯಾರದೋ ಸೀರೆ ಉಟ್ಟು ಅಳುತ್ತ ಕೂರುವುದನ್ನು ನೆನೆಸಿಕೊಂಡು ಡಬ್ಬಿ ಕೆಳಗಿಟ್ಟು ಕೈ ಮುಗಿದೆ. "ತಪ್ಪಾತ್ರಿ ಅತ್ತಿ, ಟೈಮ್‌ಗ ಮುಟ್ತೀವಿಲ್ರಿ?" ಎಂದೆ. ಗಾಬರಿಯಲ್ಲಿ ನನ್ನ ಬೆಂಗಳೂರು ಕನ್ನಡ ಎಲ್ಲೋ ಜಾರಿಬಿದ್ದು, ಕಲಬುರಗಿ ಹೊರಗೆ ಬಂದಿತ್ತು.

"ಮುಟ್ತೀವಿ. ನೀವು ಬಾಯಿ ತಗೀಬ್ಯಾಡ್ರಿ ಅಷ್ಟs" ಎಂದರು ಅತ್ತೆ. ಆಮೇಲೆ ನನ್ನ ಜೇಬಿನಿಂದ ಫೋನ್ ತೆಗೆದು ತಾವೇ ಶೋಭಾಗೆ ಹೇಳಿದರು. "ಹಲಸೂರ ಸ್ಟೇಷನ್ ಮುಂದ ಸ್ಕೂಟರ್ ನಿಲ್ಸು. ನಾ ಬರೂತನಕ ಯಾರೂ ಆ ಇನ್ನೊಂದು ಸೀರಿ ಮುಟ್ಟಬ್ಯಾಡ್ರಿ ಅಂತ ಹೇಳು."

ಹಲಸೂರಿನಲ್ಲಿ ಮೆಟ್ಟಿಲಿಳಿದಾಗ ಮಲ್ಲಿಕಾರ್ಜುನ ಬೆವರು ಒರೆಸುತ್ತ ನಿಂತಿದ್ದ. ಅತ್ತೆ ಸೀರೆಯ ಚೀಲದೊಂದಿಗೆ ಹಿಂದೆ ಕೂತರು, ಸ್ಕೂಟರ್ ಮಾಯವಾಯಿತು. ನಾನು ಡಬ್ಬಿ ಹೊತ್ತು ಹಿಂದೆ ಓಡಿದೆ. ಡಬ್ಬಿ ಬಹಳ ಹಗುರವಾಗಿತ್ತು. ಅರ್ಧ ಹೋಳಿಗೆಯನ್ನು ಅತ್ತೆ ಪೂರ್ವ ಬೆಂಗಳೂರಿಗೆ ಹಂಚಿಬಿಟ್ಟಿದ್ದರು.

ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಒಳಗೆ ನೋಡಿದೆ. ಸವಿತಾ ತನ್ನ ಅಮ್ಮ ತಂದ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಅತ್ತೆ ಅವಳ ಉಡಿಗೆ ಅಕ್ಕಿ, ಕೊಬ್ಬರಿ ಸುರಿಯುತ್ತಿದ್ದರು. ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಒಂಚೂರು ಬಾಕಿ ಇತ್ತು. ಸವಿತಾ ಅಮ್ಮನ ಕೊರಳಿಗೆ ಬಿದ್ದು ಅತ್ತಳು. ನನ್ನ ಕಣ್ಣೂ ತುಂಬಿತು. ಬೆವರು ಎಂದು ಎಲ್ಲರಿಗೂ ಹೇಳಿದೆ.

ಅಲ್ಲಿಗೇ ಪರದೆ ಎಳೆದಿದ್ದರೆ ಎಷ್ಟು ಚೆನ್ನಾಗಿತ್ತು! ಊಟಕ್ಕೆ ಕೂತಾಗ ಸವಿತಾಳ ಅತ್ತೆ ಉಪಚಾರದ ಮಾತೆಂದು ಕೇಳಿದರು. "ನಮ್ಮ ಹಲಸೂರು ಕೆರೆ ನೋಡಿದ್ರಂತೆ? ಹೆಂಗಿತ್ತು?"

"ಭಾಳ ಛಲೋ ಇತ್ರಿ" ಎಂದರು ನಮ್ಮ ಅತ್ತೆ, ಅನ್ನ ಕಲಸುತ್ತ. "ನಡುವ ಬಸ್ಸು ಹೊಂಟಿತ್ತು."

ಮಲ್ಲಿಕಾರ್ಜುನ ಸಾಂಬಾರಿನ ಬಕೆಟ್ ಹಿಡಿದು ನನ್ನನ್ನೇ ನೋಡಿದ. "ಅಣ್ಣಾ, ನಾನು ಕೆರೆ ಸುತ್ತಿ ಸುತ್ತಿ ಪೊಲೀಸ್ನೋರು ನಿಲ್ಲಿಸಿ, ಏನ್ ಸಮಾಚಾರ ಅಂತ ಕೇಳಿದ್ರು..." ಎಂದು ಕರುಣಾಜನಕವಾಗಿ ಹೇಳಿದ. ಆಮೇಲೆ ಎದ್ದ ನಗು ಹಲಸೂರಿನ ಆ ತುದಿಗೆ ಕೇಳಿಸಿರಬೇಕು. ಶೋಭಾ ನಗಲಿಲ್ಲ. ನನ್ನ ಎಲೆಗೆ ಪಾಯಸ ಬಡಿಸದೆ ಮುಂದೆ ಹೋದಳು.

ಸಂಜೆ ಅತ್ತೆ ಒಬ್ಬರೇ ವೀಳ್ಯ ಮಡಚುತ್ತ ಕೂತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ. "ಅತ್ತಿ, ಯಾವಾಗ ಗೊತ್ತಾತ್ರಿ ನಿಮಗ?"

"ಬಸ್ ಎಡಕ್ಕ ಹೊಳ್ಳಿದಾಗನs. ಅಂಗಡಿ ಬೋರ್ಡಿನ ಮ್ಯಾಲ ಮಹದೇವಪುರ ಅಂತ ಕನ್ನಡದಾಗ ಬರ್ದಿದ್ರಲ್ಲ? ನಾ ಏಳನೇ ಕ್ಲಾಸ್ ಪಾಸ್ ಅದೀನಿ."

"ಮತ್ತ ದೋಣಿ ಎಲ್ಲವ ಅಂತ ಯಾಕ ಕೇಳಿದ್ರಿ?"

ಅತ್ತೆ ಎಲೆಯನ್ನು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ಹೇಳಿದರು. "ನೀವು ಮುಂದ ಏನ್ ಹೇಳ್ತೀರಿ ನೋಡೂಣು ಅಂತ."

ಮರುದಿನ ಅತ್ತೆಯನ್ನು ಊರಿನ ರೈಲಿಗೆ ಹತ್ತಿಸಲು ಹೊರಟೆವು. ಸ್ಟೇಷನ್‌ಗೆ ಹೇಗೆ ಹೋಗುವುದು ಎಂದು ವಠಾರದವರೆಲ್ಲ ಹೊರಗೆ ಬಂದು ಅತ್ತೆಗೆ ವಿವರಿಸಿದರು. ನನಗೆ ಯಾರೂ ಏನೂ ಹೇಳಲಿಲ್ಲ. ಅತ್ತೆ ಮುಂದೆ ನಡೆದರು, ನಾನು ಖಾಲಿ ಡಬ್ಬಿ ಹಿಡಿದು ಹಿಂದೆ ನಡೆದೆ. ಒಂದು ಕಡೆಯೂ ದಾರಿ ತಪ್ಪಲಿಲ್ಲ.